ಎರಡು ಕೋಲಿನ ಮೇಲೆ ನಿಂತ ಮದುವೆ

ಕೈ ನಡುಗುವ ಮನುಷ್ಯ ಕೆಲವು ವಸ್ತುಗಳಿಂದ ದೂರ ಇರಬೇಕು ಎಂಬುದು ನನ್ನ ಬಹಳ ದಿನದ ಅಭಿಪ್ರಾಯ. ಚಹಾದ ಬಸಿ, ಸೂಜಿ-ದಾರ, ಬೇರೆಯವರ ಹಸುಗೂಸು ಮತ್ತು ವಿಡಿಯೋ ಕ್ಯಾಮೆರಾ. ಮೊದಲಿನವುಗಳಿಂದ ನಾನು ಹುಷಾರಾಗಿಯೇ ದೂರ ಇದ್ದೆ. ನನ್ನ ಕೈ ಸಣ್ಣಂದಿನಿಂದ ನಡುಗುತ್ತದೆ. ಹೆದರಿಕೆಯಿಂದ ಅಲ್ಲ, ಚಳಿಯಿಂದಲೂ ಅಲ್ಲ, ಸುಮ್ಮನೆ ನಡುಗುತ್ತದೆ. ಧಾರವಾಡದ ಡಾಕ್ಟರೊಬ್ಬರು ನನ್ನ ಎರಡೂ ಕೈಗಳನ್ನು ಮುಂದೆ ಚಾಚಿಸಿ, ಬೆರಳುಗಳ ಮೇಲೊಂದು ಕಾಗದ ಇಟ್ಟು, ಅದು ಪಟಪಟ ಅನ್ನುವುದನ್ನು ಸ್ವಲ್ಪ ಹೊತ್ತು ಆಸಕ್ತಿಯಿಂದ ನೋಡಿ, "ಇದು ರೋಗ ಅಲ್ರಿ, ನಿಮ್ಮ ಸ್ವಭಾವ" ಎಂದು ಹೇಳಿ ಕಳಿಸಿದ್ದರು. ಸ್ವಭಾವಕ್ಕೆ ಔಷಧ ಇಲ್ಲವಾದ್ದರಿಂದ ನಾನೂ ಸುಮ್ಮನಾದೆ. ಹೀಗಿದ್ದೂ ನಮ್ಮ ಕಚೇರಿಯ ಸಹೋದ್ಯೋಗಿಯೊಬ್ಬರು ಕಾರವಾರಕ್ಕೆ ವರ್ಗವಾಗಿ ಹೋಗುವಾಗ ತಮ್ಮ ಅಂಗೈ ಅಗಲದ ವಿಡಿಯೋ ಕ್ಯಾಮೆರಾ ಮಾರುತ್ತೇನೆಂದಾಗ, ಮೈಮೇಲೆ ಏನು ಬಂದಿತ್ತೋ, ನಾನೇ ಕೊಂಡುಬಿಟ್ಟೆ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದ ಕಾಲ. ನಾವು ಆಗ ಮಾಳಮಡ್ಡಿಯಲ್ಲಿ ಬಾಡಿಗೆಗೆ ಇದ್ದೆವು. ಆ ಕ್ಯಾಮೆರಾದಿಂದ ನಾನು ಮೊದಲು ತೆಗೆದದ್ದು ನನ್ನ ಹೆಂಡತಿ ಗಿರಿಜಾಳ ಅಣ್ಣನ ಮಗನ ಜವಳ, ಅಂದರೆ ಮೊದಲ ಕೂದಲು ತೆಗೆಸುವ ಕಾರ್ಯಕ್ರಮ. ಗೋಪನಕೊಪ್ಪದ ನನ್ನ ಮಾವನವರ ಮನೆಯಲ್ಲಿ ಎಲ್ಲರೂ ಟೀವಿ ಮುಂದೆ ಕೂತು ಅದನ್ನು ನೋಡಿದರು. ಸ್ವಲ್ಪ ಹೊತ್ತಿಗೆ ಒಬ್ಬರು ತಲೆ ಸುತ್ತುತ್ತದೆಂದು ಎದ್ದು ಹೋಗಿ ಮುಖ ತೊಳೆದುಕೊಂಡು ಬಂದರು. ಇನ್ನೊಬ್ಬರು ನಿಂಬೆಹಣ್ಣು ಕೇಳಿದರು. ನನ್ನ ಮಾವ ಹತ್ತಿಯ ವ್ಯಾಪಾರಸ್ಥರು, ಅಳಿಯನ ಬಗ್ಗೆ ಕೆಟ್ಟ ಮಾತಾಡಿದವರೇ ಅಲ್ಲ. ಅವರು ಬಹಳ ವಿಚಾರ ಮಾಡಿ, "ಎಲ್ಲಾರೂ ಭಾಳ ಚುರುಕಾಗಿ ಓಡ್ಯಾಡ್ಯಾರ ನೋಡ್ರಿ" ಎಂದರು. ಟೀವಿಯಲ್ಲಿ ಆಗ ಕಾಣುತ್ತಿದ್ದದ್ದು ಪಂಕ್ತಿಯಲ್ಲಿ ಕೂತು ಊಟ ಮಾಡುತ್ತಿದ್ದ ಮಂದಿ.

ಅಂದಿನಿಂದ ಕ್ಯಾಮೆರಾ ಕಪಾಟಿನಲ್ಲೇ ಇರುತ್ತಿತ್ತು. ಆದರೆ ಗಿರಿಜಾಳ ತಂಗಿ ಮಂಜುಳಾಳ ಮದುವೆ ಗೊತ್ತಾಯಿತು. ಆ ತಿಂಗಳಲ್ಲಿ ಒಳ್ಳೆಯ ಮುಹೂರ್ತ ಅಂತ ಇದ್ದದ್ದೇ ಆ ಒಂದು ದಿವಸ. ಹುಬ್ಬಳ್ಳಿಯಲ್ಲಿ ಬಹಳ ಓಡಾಡಿದ ಮೇಲೆ ಒಂದು ಕಲ್ಯಾಣ ಮಂಟಪ, ಒಂದು ವಾದ್ಯದ ಮೇಳ ಹೇಗೋ ಸಿಕ್ಕವು, ಆದರೆ ವಿಡಿಯೋದವರಂತೂ ಫೋನು ಎತ್ತುವುದನ್ನೇ ಬಿಟ್ಟಿದ್ದರು. ಎಲ್ಲರೂ ತಲೆ ಮೇಲೆ ಕೈ ಹೊತ್ತು ಕೂತಿದ್ದಾಗ ನನ್ನ ಹೆಂಡತಿ, ನನ್ನ ಕಡೆ ನೋಡದೆಯೇ, "ನಮ್ಮನಿಯವರ ಕಡೆ ಕ್ಯಾಮೆರಾ ಐತೆಲ್ಲ, ಅವರ ತಗೀತಾರ ಬಿಡ್ರಿ" ಎಂದುಬಿಟ್ಟಳು. ಜವಳದ ಕ್ಯಾಸೆಟ್ಟು ನೋಡಿ ನಿಂಬೆಹಣ್ಣು ಕೇಳಿದ್ದವರು ಎದ್ದು ಅಡಿಗೆಮನೆಯ ಕಡೆ ನಡೆದರು. ನನ್ನ ಮಾವ ಸಾವಕಾಶ, "ಮತ್ತ... ಅಜ್ಜಿ ನೋಡೋದೈತಿ" ಎಂದರು.

ಈ ಅಜ್ಜಿಯ ವಿಷಯ ಹೇಳಬೇಕು. ಮಾವನವರ ತಾಯಿ ಗಂಗಮ್ಮಜ್ಜಿ ಶಿರಗುಪ್ಪಿಯಲ್ಲಿ ದೊಡ್ಡ ಮಗನ ತುಂಬಿದ ಮನೆಯಲ್ಲಿ ಇದ್ದರು. ಮಂಜುಳಾ ಸಣ್ಣಾಕೆಯಿದ್ದಾಗ ಶಿರಗುಪ್ಪಿಯ ಸಾಲೆಗೇ ಹೋದವಳು, ಅಜ್ಜಿಯ ಮಗ್ಗುಲಲ್ಲೇ ಮಲಗಿ ಬೆಳೆದವಳು. ಮದುವೆ ಗೊತ್ತಾದ ಮೇಲೆ ಅಜ್ಜಿ ಹಿತ್ತಲಲ್ಲಿ ಜಾರಿ ಬಿದ್ದು ಸೊಂಟದ ಕೆಳಗಿನ ಚಪ್ಪೆಯ ಎಲುಬು ಮುರಿದುಕೊಂಡಿದ್ದರು. ಜೀಪಿನಲ್ಲಿ ಕೂಡಿಸುವುದಿರಲಿ, ಹಾಸಿಗೆಯ ಮೇಲೆ ಹೊರಳಿಸುವುದೂ ಕಷ್ಟವಿತ್ತು. ನಾನು ನೋಡಲು ಹೋದಾಗ ಅವರು ನನ್ನ ಕೈ ಹಿಡಿದು, "ಮದುವಿ ಎಲ್ಲಾ ತೋರಸಬ್ಯಾಡಪಾ ನನಗ. ಊಟ ಬ್ಯಾಡ, ಮಂದಿ ಬ್ಯಾಡ. ಮಂಜವ್ವನ ತಲಿಮ್ಯಾಲ ಅಕ್ಕಿಕಾಳು ಬೀಳೋದು ಒಂದು ತೋರಸು. ನಿನ್ನ ಕೈ ಅಷ್ಟು ಗಟ್ಟಿ ಇಟ್ಗೊ. ನನ್ನ ಕಣ್ಣು ಮೊದಲ ಮಸುಕು" ಎಂದರು. ಹೇಳುವಾಗ ಅವರ ಕೈಯೂ ನಡುಗುತ್ತಿತ್ತು, ನನ್ನ ಕೈಯೂ ನಡುಗುತ್ತಿತ್ತು. ನನಗೆ ಖರೇ ಹೆದರಿಕೆಯಾಯಿತು. ಅಕ್ಕಿಕಾಳು ಬೀಳುವುದು ಒಂದೇ ಸಲ. ಇನ್ನೊಮ್ಮೆ ಹಾಕಿರಿ, ಸರಿಯಾಗಿ ಬರಲಿಲ್ಲ ಎಂದು ಮದುವೆ ಮಾಡಿಸುವ ಅಯ್ಯನವರಿಗೆ ಹೇಳಲು ಬರುವುದಿಲ್ಲ.

ಮುಕ್ಕಾಲಿಯ ಮೇಲೆ ಇಟ್ಟು ತೆಗೆಯಬಾರದೇ ಎಂದು ನೀವು ಕೇಳಬಹುದು. ನಮ್ಮ ಮದುವೆಗಳನ್ನು ನೋಡದವರು ಕೇಳುವ ಪ್ರಶ್ನೆ ಅದು. ಅಕ್ಕಿಕಾಳಿನ ಹೊತ್ತಿಗೆ ಇಡೀ ಮಂಟಪವೇ ಎದ್ದು ವೇದಿಕೆ ಹತ್ತುತ್ತದೆ. ಹಿಂದಿನವರು ಮುಂದಿನವರ ತಲೆಯ ರುಮಾಲಿನ ಮೇಲಿಂದ ಕಾಳು ತೂರುತ್ತಾರೆ. ಅಲ್ಲಿ ಮನುಷ್ಯನ ಎರಡು ಕಾಲಿಗೇ ಜಾಗ ಇರುವುದಿಲ್ಲ, ಮೂರು ಕಾಲು ಎಲ್ಲಿ ಊರುವುದು? ಕ್ಯಾಮೆರಾ ನನ್ನ ಮೈಮೇಲೇ ಇರಬೇಕು, ಆದರೆ ನನ್ನ ಕೈಯ ನಡುಕ ಅದಕ್ಕೆ ಮುಟ್ಟಬಾರದು. ಇಂಥದ್ದೊಂದು ಉಪಾಯ ಜಗತ್ತಿನಲ್ಲಿ ಇರಲೇಬೇಕೆಂದು ಸುಭಾಷ ರಸ್ತೆಯ ಸೈಬರ್ ಕೆಫೆಯಲ್ಲಿ ಕೂತು ಹುಡುಕಿದೆ. ಚಿತ್ರವೊಂದು ತಲೆಯಿಂದ ಶುರುವಾಗಿ ಸಾವಕಾಶ ಕೆಳಗಿಳಿಯುತ್ತ ಬಂತು. ಅದರ ಹೆಸರು ರಾಡ್ ಸಪೋರ್ಟ್ ಸಿಸ್ಟಮ್. ಒಂದಕ್ಕೊಂದು ಸಮನಾದ ಎರಡು ಕೋಲು, ಅವುಗಳ ಮೇಲೆ ಒಂದು ಪಟ್ಟಿ, ಪಟ್ಟಿಯ ಮೇಲೆ ಕ್ಯಾಮೆರಾ. ಕೋಲುಗಳ ಹಿಂದಿನ ತುದಿಗೆ ಹೆಗಲ ಮೇಲೆ ಕೂರುವ ಮೆತ್ತೆ, ಅಡಿಯಲ್ಲಿ ಎರಡು ಹಿಡಿಕೆ. ಭಾರವೆಲ್ಲ ಹೆಗಲಿಗೆ, ಕೈಗೆ ಸುಮ್ಮನೆ ಹಿಡಿದುಕೊಳ್ಳುವ ಮರ್ಯಾದೆ. ನನಗಾಗಿಯೇ ಯಾರೋ ಪುಣ್ಯಾತ್ಮರು ಮಾಡಿದ್ದಾರೆಂದು ಕಣ್ಣು ತುಂಬಿ ಬಂತು. ಅಷ್ಟರಲ್ಲಿ ಚಿತ್ರದ ತಳದಲ್ಲಿದ್ದ ಬೆಲೆಯೂ ಇಳಿದು ಬಂತು. ನನ್ನ ಕ್ಯಾಮೆರಾ ಮಾರಿದರೆ ಅದರ ಒಂದು ಕೋಲು ಬರಬಹುದಿತ್ತು.

ಹುಬ್ಬಳ್ಳಿಯ ಅಂಗಡಿಯೊಂದರಲ್ಲಿ ಅಂಥದ್ದೇ ಒಂದು ಪ್ಲಾಸ್ಟಿಕ್ಕಿನದು ಸಿಕ್ಕಿತು. ಬೆಲೆ ನನ್ನಂಥವನ ಕೈಗೆ ಎಟುಕುವಂತಿತ್ತು. ಹೆಗಲ ಮೇಲೆ ಇಟ್ಟುಕೊಂಡು ನಿಂತೆ. ನನ್ನ ಕೈ ನಡುಗುವುದಕ್ಕೆ ಮೊದಲೇ ಅದು ನಡುಗತೊಡಗಿತು. ಅಂಗಡಿಯವರು, "ಹೊಸಾದು ನೋಡ್ರಿ, ಸ್ವಲ್ಪ ದಿನಾ ಹಂಗ ಆಗತೈತಿ" ಎಂದರು. ಕ್ಯಾಮೆರಾ ಕೆಳಗೆ ಬಿದ್ದರೆ ಏನು ಗತಿ ಎಂದು ಕೇಳಿದೆ. "ಬೀಳಸಬ್ಯಾಡ್ರಿ" ಎಂದರು. ಮಾತು ಸರಿಯಾಗಿಯೇ ಇತ್ತು, ಆದರೆ ನನಗೆ ಧೈರ್ಯ ಬರಲಿಲ್ಲ. ಮದುವೆ ಹತ್ತಿರ ಬರುತ್ತಿತ್ತು. ಗಿರಿಜಾ ದಿನಾಲು ಬೆಳಿಗ್ಗೆ ಚಹಾ ಕೊಡುವಾಗ ನನ್ನ ಕೈಯನ್ನೇ ನೋಡುವಳು. ಹಾಗೆ ನೋಡಿದರೆ ಅದು ಇನ್ನಷ್ಟು ನಡುಗುತ್ತದೆ ಎಂದು ಅವಳಿಗೆ ಯಾರು ಹೇಳಬೇಕು?

ಕೊನೆಗೆ ನಾನು ಹೋದದ್ದು ಹಳೇ ಹುಬ್ಬಳ್ಳಿಯ ರಾಜೇಸಾಬನ ಕಾರ್ಖಾನೆಗೆ. ಅವನು ಕೂರಿಗೆ, ಕುಂಟೆ, ಟ್ರ್ಯಾಕ್ಟರಿನ ನೇಗಿಲು ಮಾಡುವವನು. ನಾನು ಬರೆದುಕೊಂಡು ಹೋಗಿದ್ದ ಚಿತ್ರವನ್ನು ಅವನು ಅಡ್ಡ ಹಿಡಿದು, ಉದ್ದ ಹಿಡಿದು ನೋಡಿ, "ಎಷ್ಟು ಎತ್ತಿಂದು?" ಎಂದು ಕೇಳಿದ. ಎತ್ತು ಇಲ್ಲ, ಇದನ್ನು ನಾನೇ ಹೊರುವವನು ಎಂದೆ. ನನ್ನನ್ನು ಮೇಲಿಂದ ಕೆಳಗೆ ನೋಡಿದ. ಆಮೇಲೆ ವಿಷಯ ತಿಳಿದ ಮೇಲೆ ಬಹಳ ಹುರುಪಿನಿಂದ ಕೆಲಸ ಹಿಡಿದ. ಅವನ ಹುರುಪೇ ನನಗೆ ಭಯ ಹುಟ್ಟಿಸಿತು. ತಯಾರಾದ ದಿನ ಕೋಲುಗಳನ್ನು ಕಲ್ಲಿನ ಮೇಲೆ ಠಣ್ಣನೆ ಬಡಿದು, "ಇದರ ಮ್ಯಾಲ ಟ್ರ್ಯಾಕ್ಟರ್ ಹಾಯಸ್ರಿ. ಬಗ್ಗಿದ್ರ ನನ್ನ ಹೆಸರು ತಗೀರಿ" ಎಂದ. ಮದುವೆಮನೆಯಲ್ಲಿ ಅಂಥ ಪ್ರಸಂಗ ಬರಲಾರದೆಂದು ಹೇಳಿದರೂ ಕೇಳಲಿಲ್ಲ. ಮೇಲೆ ಬಿಳಿ ಪಾಲಿಶ್ ಮಾಡಿಸಿದ್ದ. ಬಿಸಿಲಿಗೆ ಕಣ್ಣು ಕುಕ್ಕುತ್ತಿದ್ದವು.

ನನ್ನ ಸ್ವಭಾವದ ಇನ್ನೊಂದು ಅಂಗ ಇಲ್ಲಿ ಕೆಲಸ ಮಾಡಿತು. ಕೋಲುಗಳು ಬೇಕಾದದ್ದಕ್ಕಿಂತ ಒಂದು ಮೊಳ ಉದ್ದವಿದ್ದವು. "ಕಡೀಲೇನ್ರಿ?" ಎಂದು ರಾಜೇಸಾಬ ಕೇಳಿದ. ಇಷ್ಟು ಚಂದದ, ರೊಕ್ಕ ಕೊಟ್ಟ ಕಬ್ಬಿಣವನ್ನು ಕಡಿಸಿ ಚೆಲ್ಲುವುದೇ? ಕಡಿಸಿದರೆ ಮತ್ತೆ ಬೆಳೆಯುತ್ತದೆಯೇ? ಉದ್ದವೇ ಇರಲಿ, ಹೆಚ್ಚಿನದು ಹಿಂದಕ್ಕೆ ಸರಿಸಿಕೊಂಡರಾಯಿತು ಎಂದೆ. ಪಟ್ಟಿಯನ್ನು ಕೋಲಿಗೆ ಬಿಗಿಯಲು ಎರಡು ತಿರುಪು ಬೇಕೆಂದ. ಒಂದರಲ್ಲಿ ಆಗುವುದಿಲ್ಲವೇ ಎಂದೆ. "ಆಗತೈತ್ರಿ, ಆದ್ರ..." ಎಂದು ಅವನು ಶುರು ಮಾಡಿದ್ದನ್ನು ನಾನು ಮುಗಿಸಲು ಬಿಡಲಿಲ್ಲ. ಕಡಿಮೆ ಖರ್ಚಿನಲ್ಲಿ ಕೆಲಸ ಆದ ಖುಷಿಯಲ್ಲಿ ಬಸ್ಸು ಹತ್ತಿದೆ. ಕಂಡಕ್ಟರ್ ಕೋಲುಗಳಿಗೆ ಲಗೇಜು ಹಾಕಿದ.

"ಇದು ಕ್ಯಾಮೆರಾ ಹಿಡ್ಯಾಕೋ, ಮಂದೀನ್ನ ಹೊಡ್ಯಾಕೋ?" ಎಂದಳು ಗಿರಿಜಾ. ನಾನು ಅಭ್ಯಾಸಕ್ಕೆ ಇಳಿದೆ. ಮನೆಯೊಳಗೆ ತಿರುಗಿದರೆ ಕೋಲಿನ ಹಿಂದಿನ ತುದಿ ಗಡಿಯಾರಕ್ಕೆ ಬಡಿಯುತ್ತಿತ್ತು. ಹೀಗಾಗಿ ಬೆಳಿಗ್ಗೆ ಮಾಳಮಡ್ಡಿಯ ಓಣಿಗಳಲ್ಲಿ ಹೆಗಲ ಮೇಲೆ ಯಂತ್ರ ಹೊತ್ತು, ಒಂದು ಕಣ್ಣು ಮುಚ್ಚಿ, ಹೆಜ್ಜೆಯ ಮೇಲೆ ಹೆಜ್ಜೆ ಇಡುತ್ತ ನಡೆಯತೊಡಗಿದೆ. ಒಂದೆರಡು ದಿನದಲ್ಲೇ ಕಾರ್ಪೊರೇಶನ್ನಿನವರು ರಸ್ತೆ ಅಗಲ ಮಾಡಲು ಅಳೆಯುತ್ತಿದ್ದಾರೆ ಎಂದು ಸುದ್ದಿಯಾಯಿತು. ನಿವೃತ್ತ ಮಾಸ್ತರರೊಬ್ಬರು ಓಡಿ ಬಂದು, "ಸಾಹೇಬ್ರ, ನಮ್ಮ ಕಂಪೌಂಡು ಅಜ್ಜಾರ ಕಾಲದ್ದರಿ, ಆ ಕಡೆ ಅಳೀರಿ" ಎಂದು ಎದುರುಮನೆ ತೋರಿಸಿದರು. ಎದುರುಮನೆಯ ಹೆಣ್ಣುಮಗಳು ಗಟಾರ ಕಟ್ಟಿದ್ದನ್ನು ತೋರಿಸಿ ಅರ್ಧ ತಾಸು ಬೈದಳು. ಎಲ್ಲವನ್ನೂ ನಾನು ರೆಕಾರ್ಡು ಮಾಡಿಕೊಂಡೆ. ಮನೆಗೆ ಬಂದು ನೋಡಿದರೆ ಆಶ್ಚರ್ಯ. ಮಾಸ್ತರರೂ ಗಟಾರವೂ ಅಲುಗಾಡದೆ ನಿಂತಿದ್ದರು. ಗಿರಿಜಾ ಮೊದಲ ಸಲ ನಕ್ಕಳು. ಅಂದು ರಾತ್ರಿ ನಾನು ನೆಮ್ಮದಿಯಿಂದ ಮಲಗಿದೆ.

ಮದುವೆಯ ದಿನ ಮಂಟಪದೊಳಗೆ ಹೆಜ್ಜೆ ಇಟ್ಟ ಕೂಡಲೇ ನನಗೆ ತಿಳಿದ ಸಂಗತಿ ಎಂದರೆ, ಅಂಗೈ ಅಗಲದ ಕ್ಯಾಮೆರಾ ಹಿಡಿದವನಿಗೆ ಯಾರೂ ದಾರಿ ಬಿಡುವುದಿಲ್ಲ, ಎರಡು ಹೊಳೆಯುವ ಕೋಲು ಹೊತ್ತವನಿಗೆ ಎಲ್ಲರೂ ಬಿಡುತ್ತಾರೆ. ಗಂಡಿನ ಕಡೆಯವರು ಗದಗಿನವರು, ನನ್ನನ್ನು ಕಂಡವರಲ್ಲ. ಹುಡುಗನ ತಾಯಿ, ಅಂದರೆ ನಮ್ಮ ಹೊಸ ಬೀಗಿತಿ, ಮನಸ್ಸಿನ ತುಂಬ ಭಕ್ತಿಯಿದ್ದ ಹೆಣ್ಣುಮಗಳು. ಹಂದರದ ಕಂಬ, ಒರಳು, ಕಳಸ ಎಂದು ಕಂಡದ್ದಕ್ಕೆಲ್ಲ ಅರಿಷಿಣ-ಕುಂಕುಮ ಹಚ್ಚುತ್ತ ಬಂದವರು, ನನ್ನ ಕೋಲುಗಳ ತುದಿ ಕಂಡು ಒಂದು ಗಳಿಗೆ ನಿಂತರು. ಆಮೇಲೆ ಅವುಗಳಿಗೂ ದಪ್ಪಗೆ ಅರಿಷಿಣ-ಕುಂಕುಮ ಹಚ್ಚಿ, ಒಂದೊಂದಕ್ಕೆ ಮಲ್ಲಿಗೆಯ ತುಣುಕು ಸುತ್ತಿ, ಕೈ ಮುಗಿದು ಮುಂದೆ ಹೋದರು. ನನ್ನ ಕಣ್ಣು ಕ್ಯಾಮೆರಾದ ಕಿಂಡಿಗೆ ಅಂಟಿಕೊಂಡಿತ್ತು. ಬೇಡವೆನ್ನಲು ಬಾಯಿ ಬರಲಿಲ್ಲ.

ಅಯ್ಯನವರ ಧ್ವನಿ ಏರಿತು. ವಾದ್ಯದವರು ಜೋರು ಮಾಡಲು ತಯಾರಾಗಿ ವೇದಿಕೆಯ ಕಡೆಗೇ ನೋಡುತ್ತಿದ್ದರು. ಮಂದಿಯೆಲ್ಲ ಎದ್ದರು. ಹಿಂದಿನಿಂದ ಯಾರೋ ನೂಕಿದರು, ಮುಂದೆ ಒಬ್ಬರ ರುಮಾಲು ಅಡ್ಡ ಬಂತು, ನಾನು ಕೋಲಿನಿಂದಲೇ ಅದನ್ನು ಮೆಲ್ಲಗೆ ಸರಿಸಿದೆ. ಮಂದಿಯ ಒತ್ತಿಗೆ ಹಿಂದೆ ಸರಿಯಲು ಬಾರದ್ದರಿಂದ ಕ್ಯಾಮೆರಾದ ನೋಟವನ್ನು ಆದಷ್ಟೂ ಅಗಲ ಮಾಡಿದೆ. ಬೆವರು ನನ್ನ ಕಣ್ಣಿನ ಚಾಳೀಸಿನ ಮೇಲೆ ಇಳಿದು ಕಿಂಡಿಯ ತುಂಬ ಮಂಜು. ಆ ಮಂಜಿನ ನಡುವೆ ಮಂಜುಳಾಳ ಬಾಸಿಂಗ ಒಂದು ಕಾಣುತ್ತಿತ್ತು. ಅದನ್ನೇ ಹಿಡಿದು ನಿಂತೆ. ಅಜ್ಜಿಯ ಮಾತು ಬಿಟ್ಟು ನನ್ನ ತಲೆಯಲ್ಲಿ ಬೇರೇನೂ ಇರಲಿಲ್ಲ. ವಾದ್ಯ ಮೊಳಗಿತು, ಕಾಳು ಬಿದ್ದವು, ನನ್ನ ತಲೆ ಮೇಲೂ ಬಿದ್ದವು. ನಾನು ಉಸಿರು ಬಿಟ್ಟದ್ದು ಎಷ್ಟೋ ಹೊತ್ತಿನ ಮೇಲೆ.

ಮದುವೆ ಮುಗಿದ ಎರಡನೆಯ ದಿನ ಮಧ್ಯಾಹ್ನ ಮನೆಯಲ್ಲಿ ಕ್ಯಾಮೆರಾವನ್ನು ಟೀವಿಗೆ ಜೋಡಿಸಿ ನಾವಿಬ್ಬರೇ ನೋಡಿದೆವು. ಚಿತ್ರ ಬಂಡೆಯ ಹಾಗೆ ನಿಂತಿತ್ತು. ಆದರೆ ಶುರುವಿನಲ್ಲಿ ಚಿತ್ರದ ತಳದಿಂದ ಏನೋ ಹೊಳೆಯುವ ಎರಡು ಚುಕ್ಕೆ ಇಣುಕಿದವು. ಬೀಗರು ಬಂದಾಗ ಅವು ಬೆರಳುದ್ದ ಆಗಿದ್ದವು. ಒಂದೇ ತಿರುಪಿನ ಪಟ್ಟಿ ನಾನು ನಡೆದಂತೆಲ್ಲ ಸಡಿಲಾಗಿ, ಕೋಲುಗಳು ಇಷ್ಟಿಷ್ಟೇ ಮುಂದಕ್ಕೆ ಜಾರುತ್ತ ಬಂದಿದ್ದವು. ಅಕ್ಕಿಕಾಳಿನ ಹೊತ್ತಿಗೆ ಅರಿಷಿಣ, ಕುಂಕುಮ, ಮಲ್ಲಿಗೆ ಸಮೇತ ಎರಡೂ ಕೋಲು ವಧೂವರರ ಎದೆಯ ಮಟ್ಟಕ್ಕೆ ಎದ್ದು ನಿಂತಿದ್ದವು. ಗಿರಿಜಾ ಬಾಯಿ ತೆರೆದವಳು ಮುಚ್ಚಲಿಲ್ಲ. ನಾನು ಓಡಿದ್ದು ಎಡಿಟಿಂಗ್ ಸ್ಟುಡಿಯೋಕ್ಕೆ. ಅಲ್ಲಿಯವನು, "ಎರಡು ಗುಲಾಬಿ ಕೂಡಸಿ ಮುಚ್ಚೂಣ್ರಿ" ಎಂದ. ಕೂಡಿಸಿ ತೋರಿಸಿದ. ಕೋಲು ಮುಚ್ಚಿದವು, ಮಂಜುಳಾಳೂ ಮುಚ್ಚಿದಳು. ತೆಗೆಯಪ್ಪಾ ಎಂದು ಹೇಳಿ ಬಂದೆ.

ಅಷ್ಟರಲ್ಲಿ ಶಿರಗುಪ್ಪಿಯಿಂದ ಮೇಲಿಂದ ಮೇಲೆ ಫೋನು. ಹೊಸ ಜೋಡಿ ಅಜ್ಜಿಯ ಆಶೀರ್ವಾದಕ್ಕೆ ಬರುವವರಿದ್ದರು, ಅವರ ಸಂಗಡ ಬೀಗಿತಿಯೂ ಬರುವವರಿದ್ದರು. ನಾನು ಆರೋಪಿಯಂತೆ ಜೀಪಿನ ಹಿಂದಿನ ಸೀಟಿನಲ್ಲಿ ಕ್ಯಾಮೆರಾ ತೊಡೆಯ ಮೇಲೆ ಇಟ್ಟುಕೊಂಡು ಹೋದೆ. ಪಡಸಾಲೆಯಲ್ಲಿ ಅಜ್ಜಿಯ ಮಂಚದ ಎದುರಿಗೆ ಟೀವಿ ಇಟ್ಟಿದ್ದರು. ಓಣಿಯ ಅರ್ಧ ಮಂದಿ ಕೂತಿದ್ದರು. ಕರೆಂಟು ಯಾವಾಗ ಹೋಗುತ್ತದೋ ಹೇಳಲು ಬರುವುದಿಲ್ಲ, ಲಗೂ ಹಚ್ಚಿರಿ ಎಂದು ಎಲ್ಲರೂ ಅವಸರ ಮಾಡಿದರು. ಕರೆಂಟು ಹೋಗಲಿ ಎಂದು ನಾನು ಮನಸ್ಸಿನಲ್ಲಿ ಬೇಡಿಕೊಂಡೆ. ಅಂದು ಹೋಗಲೇ ಇಲ್ಲ.

ಅಜ್ಜಿ ದಿಂಬಿಗೆ ಒರಗಿ, ಕಣ್ಣು ಸಣ್ಣಗೆ ಮಾಡಿ ನೋಡಿದರು. ಚುಕ್ಕೆಗಳು ಬೆರಳಾದವು, ಬೆರಳುಗಳು ಕೋಲಾದವು. ಗಿರಿಜಾ ಸೆರಗಿನ ತುದಿ ತಿರುವುತ್ತ ನೆಲ ನೋಡುತ್ತಿದ್ದಳು. ವಾದ್ಯ ಮೊಳಗಿತು. ಎರಡು ಕೋಲುಗಳ ನಡುವೆ ತಲೆ ಬಗ್ಗಿಸಿದ ಮಂಜುಳಾ, ಅವಳ ಮೇಲೆ ಅಕ್ಕಿಕಾಳು. ಒಂದೊಂದು ಕಾಳೂ ಎಣಿಸುವಂತೆ ಬಿದ್ದವು. ಕೆಲವು ಕೋಲಿನ ಮೇಲೆ ಬಿದ್ದು ಪುಟಿದವು. ಅಜ್ಜಿ ಎರಡೂ ಕೈ ಎತ್ತಿ ಟೀವಿಯ ಕಡೆಗೆ ಕಾಳು ಹಾಕಿದಂತೆ ಮಾಡಿದರು. "ಬಿದ್ದುವಲ್ಲ ನನ್ನವ್ವ, ಬಿದ್ದುವಲ್ಲ" ಎಂದು ಅತ್ತರು. ಮಂಜುಳಾ ಹೋಗಿ ಅವರ ಮಗ್ಗುಲಲ್ಲಿ ಕೂತಳು. ಕೋಲಿನ ಚಿಂತೆ ನನಗೆ ಆ ಗಳಿಗೆ ಮರೆತೇ ಹೋಯಿತು.

ನೆನಪಿಸಿದವರು ಬೀಗಿತಿ. "ಅಜ್ಜಿ, ಸಿಟ್ಟಾಗಬ್ಯಾಡ್ರಿ, ಒಂದು ಮಾತು ಕೇಳತೇನಿ. ಜೋಡಿ ಕೋಲು ಹಿಡಿಯೋ ಪದ್ಧತಿ ನಮ್ಮ ಗದಗಿನ ಕಡೆ ಇಲ್ಲರಿ. ನಿಮ್ಮೊಳಗ ಐತೆಂತ ಗೊತ್ತಿರಲಿಲ್ಲ, ಹಾಂಗ ಕುಂಕುಮ ಹಚ್ಚಿಬಿಟ್ಟೆ. ತಪ್ಪಾತೇನ್ರಿ?"

ಪಡಸಾಲೆಯಲ್ಲಿ ಕೂತವರೆಲ್ಲ ಅಜ್ಜಿಯ ಕಡೆ ನೋಡಿದರು. ನನ್ನ ಮಾವನಿಗೂ ಆ ಕೋಲು ಯಾವುದೆಂದು ತಿಳಿದಿರಲಿಲ್ಲ, ಬೀಗರದೇ ಇರಬೇಕೆಂದುಕೊಂಡಿದ್ದರು. ನಾನು ಎದ್ದು ನಿಂತು, ರಾಜೇಸಾಬ, ತಿರುಪು, ಒಂದು ಮೊಳ ಎಲ್ಲವನ್ನೂ ಹೇಳಿಬಿಡಬೇಕೆಂದು ಬಾಯಿ ತೆರೆದೆ. ಅಜ್ಜಿ ಕಣ್ಣೊರೆಸಿಕೊಂಡು ಟೀವಿ ನೋಡಿದರು, ನನ್ನ ಮುಖ ನೋಡಿದರು, ಮತ್ತೆ ಬೀಗಿತಿಯನ್ನು ನೋಡಿದರು. ಬೀಗರ ಎದುರಿಗೆ ತಮ್ಮ ಮನೆಯ ಪದ್ಧತಿ ತಮಗೇ ಗೊತ್ತಿಲ್ಲ ಎನ್ನಲು ಗಂಗಮ್ಮಜ್ಜಿಗೆ ಹೇಗೆ ಸಾಧ್ಯ?

"ತಪ್ಪೇನೈತಿ ತಂಗಿ, ಕುಂಕುಮ ಹಚ್ಚಾಕ ಬೇಕದಕ್ಕ" ಎಂದರು. "ಭಾಳ ಹಿಂದಿನ ಪದ್ಧತಿ ಇದು. ನಮ್ಮತ್ತಿ ಕಾಲದಾಗ ಇತ್ತು. ನಡುವ ಬಿಟ್ಟು ಹೋಗಿತ್ತು. ದೊಡ್ಡ ಅಳಿಯಾ ಹಿಡೀಬೇಕು ಅವನ್ನ. ಮತ್ತ ಯಾರೂ ಹಿಡ್ಯೂ ಹಂಗಿಲ್ಲ."

ತೆರೆದ ಬಾಯಿಯನ್ನು ನಾನು ಮುಚ್ಚಿದೆ. ಈಗ ಖರೇ ಹೇಳಿದರೆ ಸುಳ್ಳಾಗುವುದು ಅಜ್ಜಿಯ ಮಾತು. ಓಣಿಯ ಹಿರಿಯರೊಬ್ಬರು ತಲೆ ಅಲ್ಲಾಡಿಸುತ್ತ, ತಾವೂ ಸಣ್ಣವರಿದ್ದಾಗ ನೋಡಿದ ನೆನಪಿದೆ ಎಂದರು. ನನ್ನ ಮಾವ ನನ್ನ ಹತ್ತಿರ ಸರಿದು, "ನಮಗೂ ಗೊತ್ತಿರಲಿಲ್ಲ ನೋಡ್ರಿ, ನೀವು ಎಲ್ಲಿಂದ ತಿಳಕೊಂಡ್ರಿ?" ಎಂದು ಬಹಳ ಗೌರವದಿಂದ ಪಿಸುಗುಟ್ಟಿದರು. ಅಲ್ಲಿ ಇಲ್ಲಿ ಕೇಳಿದೆ ಎಂದೆ. ಗಿರಿಜಾ ಬಾಯಿಗೆ ಸೆರಗು ಒತ್ತಿಕೊಂಡು ಅಡಿಗೆಮನೆಗೆ ಹೋದವಳು ಬಹಳ ಹೊತ್ತು ಹೊರಗೆ ಬರಲಿಲ್ಲ.

ಮರುವರ್ಷ ಅದೇ ಮನೆತನದಲ್ಲಿ, ಗಿರಿಜಾಳ ಚಿಕ್ಕಪ್ಪನ ಮಗಳ ಮದುವೆ. ಅಜ್ಜಿಯ ಎಲುಬು ಕೂಡಿತ್ತು. ಕುರ್ಚಿಯಲ್ಲಿ ಕೂಡಿಸಿ ಕರೆತಂದು ಮುಂದಿನ ಸಾಲಿನಲ್ಲೇ ಇಟ್ಟಿದ್ದರು. ಕರೆಯಲು ಬಂದಾಗ ಮಾವ ಸ್ವಲ್ಪ ಸಂಕೋಚದಿಂದಲೇ ಹೇಳಿದ್ದರು. "ವಿಡಿಯೋಕ್ಕ ಈ ಸಲ ಹುಬ್ಬಳ್ಳಿಯವರಿಗೆ ಹೇಳೇವ್ರಿ, ದೊಡ್ಡ ಕ್ಯಾಮೆರಾದವರು. ನಿಮಗ್ಯಾಕ ತ್ರಾಸು? ನೀವು ಕೋಲು ಅಷ್ಟು ಮರೀದ ತರ್ರಿ." ಮರೆಯದೆ ತಂದೆ. ಅವಕ್ಕೆ ಅರಿಷಿಣ-ಕುಂಕುಮ ಹಚ್ಚಿಸಿಕೊಂಡು, ಕೈಗೊಂದರಂತೆ ಎರಡೂ ಕೋಲನ್ನು ನೆಟ್ಟಗೆ ಹಿಡಿದು, ರುಮಾಲು ಸುತ್ತಿಸಿಕೊಂಡು ವಧೂವರರ ಮುಂದೆ ನಿಂತೆ. ಕ್ಯಾಮೆರಾ ಇಲ್ಲದ ಬರಿ ಕೋಲು ಎಷ್ಟು ಭಾರ ಎಂಬುದು ಅಂದೇ ತಿಳಿದದ್ದು. ವಾದ್ಯ ಜೋರಾಗಬೇಕು ಅನ್ನುವಷ್ಟರಲ್ಲಿ, ಎದುರಿಗೆ ದೊಡ್ಡ ಕ್ಯಾಮೆರಾ ಹೆಗಲ ಮೇಲೆ ಹೊತ್ತು ನಿಂತಿದ್ದ ವಿಡಿಯೋದವನು ಒಂದು ಕಣ್ಣು ತೆರೆದು ನನ್ನ ಮೇಲೆ ಚೀರಿದ.

"ಏ ಅಣ್ಣಾರ, ಆ ಕೋಲು ಸ್ವಲ್ಪ ಕೆಳಗ ಹಿಡೀರಿ, ಫ್ರೇಮಿನ್ಯಾಗ ಬರಾಕತ್ತಾವು!"

ನಾನು ಅವನ್ನು ಇನ್ನೂ ಒಂದು ಗೇಣು ಮೇಲೆತ್ತಿದೆ. "ಬರಬೇಕ್ರಿ" ಎಂದೆ, "ನಮ್ಮೊಳಗ ಪದ್ಧತಿ ಐತಿ."